ಸ್ಫಟಿಕದೊಳಗಿನ ಎಲೆಕ್ಟ್ರಾನ್: ವೇಗದ ಲೆಕ್ಕ ಬದಲಾದ ಬಗೆ

ಟಾರ್ಚಿನ ತಾಮ್ರದ ವೈರಿನಲ್ಲಿ ಕರೆಂಟ್ ಹರಿಯುವಾಗ ಎಲೆಕ್ಟ್ರಾನುಗಳ ಗುಂಪು ಮುಂದೆ ಸರಿಯುವುದು ಸೆಕೆಂಡಿಗೆ ಒಂದು ಮಿಲಿಮೀಟರಿಗಿಂತ ಕಡಿಮೆ. ಆದರೆ ಒಂದೊಂದು ಎಲೆಕ್ಟ್ರಾನೂ ಸುಮ್ನೆ ಇರುವುದಿಲ್ಲ, ಎಲ್ಲ ದಿಕ್ಕಿಗೂ ಓಡುತ್ತಿರುತ್ತದೆ. ಆ ಓಟದ ವೇಗ ಎಷ್ಟು ಅನ್ನುವುದೇ ದೊಡ್ಡ ತಲೆನೋವಾಯಿತು.

1900ರಲ್ಲಿ ಜರ್ಮನಿಯ ಪಾಲ್ ಡ್ರೂಡೆ ಎಲೆಕ್ಟ್ರಾನುಗಳನ್ನು ಅನಿಲದ ಕಣಗಳೆಂದೇ ಲೆಕ್ಕ ಹಾಕಿದರು. ಆ ಲೆಕ್ಕದಂತೆ ವೇಗ ಸೆಕೆಂಡಿಗೆ ಸುಮಾರು 100 ಕಿಲೋಮೀಟರ್. ಲೋಹದ ಶಾಖವಾಹಕತೆಗೂ ವಿದ್ಯುತ್ ವಾಹಕತೆಗೂ ಇರುವ ಸಂಬಂಧ ಇದರಿಂದ ಚೆನ್ನಾಗಿಯೇ ಹೊಂದಿತು. ಅದು ಅದೃಷ್ಟ, ಅಷ್ಟೇ. ವೇಗದ ವರ್ಗ ನಿಜಕ್ಕಿಂತ ನೂರು ಪಟ್ಟು ಕಡಿಮೆ ಇತ್ತು, ಎಲೆಕ್ಟ್ರಾನು ಹೀರುವ ಶಾಖ ನೂರು ಪಟ್ಟು ಜಾಸ್ತಿ ಇತ್ತು. ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿದ್ದವು!

1927ರ ಹೊತ್ತಿಗೆ ಮ್ಯೂನಿಕ್‌ನ ಆರ್ನಾಲ್ಡ್ ಸೊಮರ್‌ಫೆಲ್ಡ್ ಭೌತವಿಜ್ಞಾನಿ ಪೌಲಿಯ ನಿಯಮವನ್ನು ಇಲ್ಲಿಗೆ ತಂದರು. ಅದರಂತೆ ಒಂದು ಸ್ಥಿತಿಯಲ್ಲಿ ಒಂದೇ ಎಲೆಕ್ಟ್ರಾನ್. ಕೆಳಗಿನ ಸೀಟುಗಳು ತುಂಬಿದ ಬಸ್ಸಿನ ಹಾಗೆ, ಉಳಿದವು ಮೇಲಿನ ಶಕ್ತಿಗೆ ಹೋಗಲೇಬೇಕು. ಹೀಗೆ ತಾಮ್ರದಲ್ಲಿ ಮೇಲ್ತುದಿಯ ಎಲೆಕ್ಟ್ರಾನುಗಳ ವೇಗ ಸೆಕೆಂಡಿಗೆ ಸುಮಾರು 1,570 ಕಿಲೋಮೀಟರ್, ಅಂದರೆ ಬೆಳಕಿನ ವೇಗದ ಇನ್ನೂರರಲ್ಲಿ ಒಂದು ಪಾಲು. ಎಷ್ಟೇ ತಣ್ಣಗೆ ಮಾಡಿದರೂ ಇದು ಇಳಿಯುವುದಿಲ್ಲ. ಶಾಖದ ಒಗಟೇನೋ ಬಿಡಿಸಿತು, ಆದರೆ ಇನ್ನೊಂದು ಹುಟ್ಟಿತು. ಈ ವೇಗಕ್ಕೆ ತಾಮ್ರದ ರೋಧ ಹೊಂದಬೇಕಾದರೆ ಎಲೆಕ್ಟ್ರಾನ್ ನೂರಕ್ಕೂ ಹೆಚ್ಚು ಪರಮಾಣುಗಳನ್ನು ಡಿಕ್ಕಿ ಇಲ್ಲದೆ ದಾಟಬೇಕು. ಅದು ಹೇಗೆ?

ಉತ್ತರ ಕೊಟ್ಟವರು ಫೆಲಿಕ್ಸ್ ಬ್ಲಾಖ್. ಲೈಪ್‌ಜಿಗ್‌ನಲ್ಲಿ ಹೈಸನ್‌ಬರ್ಗ್ ಬಳಿ ಓದುತ್ತಿದ್ದ ಈ ಹುಡುಗನಿಗೆ 1928ರಲ್ಲಿ ಇಪ್ಪತ್ತೆರಡರ ಆಸುಪಾಸು. ಎಲೆಕ್ಟ್ರಾನ್ ಒಂದು ಅಲೆ. ಪರಮಾಣುಗಳು ಕ್ರಮವಾಗಿ ಜೋಡಣೆಯಾಗಿದ್ದರೆ (ಅದೇ ಸ್ಫಟಿಕ, ತಾಮ್ರವೂ ಹಾಗೇ) ಅಲೆ ಅವುಗಳ ನಡುವೆ ಚದುರದೆ ಸಾಗುತ್ತದೆ. ಅಡ್ಡಿಯಾಗುವುದು ಪರಮಾಣುಗಳಲ್ಲ, ಅವುಗಳ ಕಂಪನ ಮತ್ತು ಸ್ಫಟಿಕದಲ್ಲಿನ ಕುಂದು.

ಇಲ್ಲಿಂದ ವೇಗದ ಲೆಕ್ಕವೇ ಬದಲಾಯಿತು. ಸ್ಫಟಿಕದಲ್ಲಿ ಆವೇಗವನ್ನು ದ್ರವ್ಯರಾಶಿಯಿಂದ ಭಾಗಿಸಿದರೆ ಆಗದು. ಅಲೆಯ ಸಂಖ್ಯೆಗೆ (ನಿಗದಿತ ಉದ್ದದಲ್ಲಿ ಎಷ್ಟು ಅಲೆ ಅನ್ನುವುದಕ್ಕೆ) ಎದುರಾಗಿ ಶಕ್ತಿಯ ರೇಖೆ ಎಳೆಯಬೇಕು. ಆ ರೇಖೆಯ ಇಳಿಜಾರನ್ನು ಪ್ಲಾಂಕ್ ಸ್ಥಿರಾಂಕದಿಂದ (ಅದನ್ನು ಮೊದಲು 2πಯಿಂದ ಭಾಗಿಸಿಕೊಂಡು) ಭಾಗಿಸಿದರೆ ವೇಗ ಸಿಗುತ್ತದೆ. ರೇಖೆ ಚಪ್ಪಟೆಯಾದಲ್ಲಿ ವೇಗ ಸೊನ್ನೆ, ಇಳಿಯುವಲ್ಲಿ ಹಿಂದಕ್ಕೆ! ತಳ್ಳಿದಷ್ಟೂ ಎಲೆಕ್ಟ್ರಾನ್ ಈ ರೇಖೆಯ ಮೇಲೆ ಏರುತ್ತ ಇಳಿಯುತ್ತ ಸಾಗುತ್ತದೆ. ಹಾಗಾಗಿ ಒಂದೇ ಕಡೆ ತಳ್ಳುತ್ತಿದ್ದರೂ ಎಲೆಕ್ಟ್ರಾನ್ ಹಿಂದೆ ಮುಂದೆ ಓಲಾಡಬೇಕು. ವಿಚಿತ್ರ ಅಲ್ವಾ? ಸಾಮಾನ್ಯ ಲೋಹದಲ್ಲಿ ಓಲಾಟ ಮುಗಿಯುವ ಮೊದಲೇ ಡಿಕ್ಕಿಯಾಗುತ್ತದೆ. ಅದನ್ನು ಕಾಣಲು 1970ರಲ್ಲಿ ಲಿಯೊ ಎಸಾಕಿ ಮತ್ತು ರಾಫೇಲ್ ತ್ಸು ಪದರ ಪದರವಾಗಿ ಕಟ್ಟಿದ ಅರೆವಾಹಕದ ಉಪಾಯ ಹೇಳಿದರು. 1990ರ ದಶಕದ ಶುರುವಿನಲ್ಲಿ ಅಂಥ ಪದರಗಳಲ್ಲೇ ಓಲಾಟ ಕಂಡಿತು.

ಇಳಿಜಾರಿನ ಸೂತ್ರವೂ ಪೂರ್ತಿಯಲ್ಲ. ಕಬ್ಬಿಣದಂಥ ಅಯಸ್ಕಾಂತದಲ್ಲಿ ವಿದ್ಯುತ್ ಕ್ಷೇತ್ರಕ್ಕೆ ಅಡ್ಡಲಾಗಿಯೂ ಒಂದು ವೇಗ ಹುಟ್ಟುತ್ತದೆಂದು ಕಾರ್ಪ್ಲಸ್ ಮತ್ತು ಲಟಿಂಜರ್ 1954ರಲ್ಲಿ ತೋರಿಸಿದರು. ದಶಕಗಳ ಕಾಲ ಅದರ ಬಗ್ಗೆ ತಕರಾರು ನಡೆಯಿತು. 1984ರಲ್ಲಿ ಮೈಕಲ್ ಬೆರಿ ಕ್ವಾಂಟಮ್ ಅಲೆಗಳ ಜ್ಯಾಮಿತಿಯನ್ನು ವಿವರಿಸಿದ ಮೇಲೆ, 1990ರ ದಶಕದಲ್ಲಿ ಆ ಅಡ್ಡ ವೇಗದ ಮೂಲ ಅಲ್ಲೇ ಇದೆ ಅನ್ನುವುದು ಸ್ಪಷ್ಟವಾಯಿತು.