ಟಂಗ್‌ಸ್ಟನ್ ಉಂಗುರ ಬೆರಳಿಗೆ ಸಿಕ್ಕಿಕೊಂಡರೆ ತೆಗೆಯಲು ಬರುವುದಿಲ್ಲವೇ?

ಪ್ರಶ್ನೆ: ತಮ್ಮನ ನಿಶ್ಚಿತಾರ್ಥಕ್ಕೆ ಟಂಗ್‌ಸ್ಟನ್ ಉಂಗುರ ಕೊಳ್ಳಬೇಕೆಂದಿದ್ದೇವೆ. ಅದನ್ನು ಯಾವ ಗರಗಸವೂ ಕೊಯ್ಯಲಾರದು, ಬೆರಳು ಊದಿಕೊಂಡರೆ ಆಸ್ಪತ್ರೆಯಲ್ಲಿ ಬೆರಳನ್ನೇ ತೆಗೆಯಬೇಕಾಗುತ್ತದೆ ಎಂದು ಪರಿಚಯದವರು ಹೆದರಿಸುತ್ತಿದ್ದಾರೆ. ಇದು ನಿಜವೇ? (ಓದುಗರೊಬ್ಬರು, ದಾವಣಗೆರೆ)

ಉತ್ತರ: ನಿಜವಲ್ಲ. ಚಿನ್ನದ ಉಂಗುರ ಕೊಯ್ಯುವ ಪುಟ್ಟ ಗರಗಸಕ್ಕೆ ಅದು ಜಗ್ಗುವುದಿಲ್ಲ ಎಂಬಷ್ಟು ಮಾತ್ರ ನಿಜ. ಆದರೆ ಆ ಉಂಗುರವನ್ನು ತೆಗೆಯಲು ಕೊಯ್ಯಬೇಕಾಗಿಯೇ ಇಲ್ಲ. ಸರಿಯಾದ ಇಕ್ಕಳದಿಂದ ಒತ್ತಿದರೆ ಒಂದೆರಡು ನಿಮಿಷದಲ್ಲಿ ಒಡೆದು ಕೈಗೆ ಬರುತ್ತದೆ. ಇಷ್ಟು ಗಟ್ಟಿಯಾದ ವಸ್ತು ಇಷ್ಟು ಸುಲಭವಾಗಿ ಒಡೆಯುವುದೇಕೆ ಎಂಬುದನ್ನು ತಿಳಿದುಕೊಂಡರೆ ಹೆದರಿಕೆಯೂ ಹೋಗುತ್ತದೆ, ಕೊಳ್ಳುವಾಗ ಏನು ನೋಡಬೇಕು ಎಂಬುದೂ ಗೊತ್ತಾಗುತ್ತದೆ.

ಅಂಗಡಿಯವರು ಟಂಗ್‌ಸ್ಟನ್ ಎಂದು ಕರೆದು ಮಾರುವ ಉಂಗುರಗಳು ಹೆಚ್ಚುಕಡಿಮೆ ಎಲ್ಲವೂ ಟಂಗ್‌ಸ್ಟನ್ ಕಾರ್ಬೈಡಿನವು. ಅಪ್ಪಟ ಟಂಗ್‌ಸ್ಟನ್ ಬೇರೆ. ಹಳೆಯ ಬಲ್ಬುಗಳೊಳಗೆ ಬೆಳಗುತ್ತಿದ್ದ ಸಣ್ಣ ತಂತಿ ಅದರದ್ದು. ಲೋಹಗಳಲ್ಲೆಲ್ಲ ಅತಿ ಹೆಚ್ಚಿನ ಕಾವಿನಲ್ಲಿ, ಅಂದರೆ 3,422 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಲೋಹ ಅದು. ಹೆಸರು ಸ್ವೀಡಿಷ್ ಭಾಷೆಯದು, ‘ಭಾರದ ಕಲ್ಲು’ ಎಂದರ್ಥ. ಈ ಲೋಹದ ಪುಡಿಯನ್ನು ಇಂಗಾಲದೊಂದಿಗೆ ಕುಲುಮೆಯಲ್ಲಿ ಕಾಸಿದಾಗ ಕಾರ್ಬೈಡ್ ಆಗುತ್ತದೆ. ಆ ಪುಡಿಯ ಕಣಗಳನ್ನು ಹಿಡಿದಿಡಲು ಸ್ವಲ್ಪ ಕೋಬಾಲ್ಟ್ ಅಥವಾ ನಿಕಲ್ ಬೆರೆಸಿ, ಅಚ್ಚಿನಲ್ಲಿ ಒತ್ತಿ, ಸುಮಾರು 1,400 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಕುಂಬಾರರ ಗಡಿಗೆ ಆವಿಗೆಯಲ್ಲಿ ಕುಗ್ಗುವಂತೆ ಉಂಗುರವೂ ಬೇಯುತ್ತ ಕುಗ್ಗಿ ಚಿಕ್ಕದಾಗುತ್ತದೆ. ನೋಡಲು ಲೋಹದ ಒಡವೆಯಂತೆ ಹೊಳೆದರೂ, ಗುಣದಲ್ಲಿ ಅದು ಸುಟ್ಟ ಮಡಕೆಯ ಜಾತಿಗೆ ಹತ್ತಿರ.

1923ರಲ್ಲಿ ಜರ್ಮನಿಯ ಕಾರ್ಲ್ ಶ್ರೋಟರ್ ಈ ವಿಧಾನಕ್ಕೆ ಪೇಟೆಂಟ್ ಕೋರಿದ್ದು ಒಡವೆಗಾಗಿ ಅಲ್ಲ. ಬಲ್ಬಿನ ತಂತಿಯನ್ನು ಎಳೆಯುವ ಅಚ್ಚುಗಳಿಗೆ ದುಬಾರಿ ವಜ್ರದ ಬದಲು ಬೇರೊಂದು ವಸ್ತು ಬೇಕಾಗಿತ್ತು. ಮುಂದೆ ಕ್ರುಪ್ ಕಂಪನಿ ಅದನ್ನು ‘ವಿಡಿಯಾ’ ಎಂಬ ಹೆಸರಿನಲ್ಲಿ ಮಾರಿತು; ‘ವಜ್ರದಂತೆ’ ಎಂಬ ಜರ್ಮನ್ ಮಾತಿನಿಂದ ಬಂದ ಹೆಸರು ಅದು. ನಮ್ಮ ಲೇತ್ ಶಾಪುಗಳ ಹಿರಿಯ ಕೆಲಸಗಾರರು ಇಂದಿಗೂ ವಿಡಿಯಾ ಎಂದೇ ಕರೆಯುತ್ತಾರೆ. ಒಡವೆಯ ಕಡೆಗೆ ಅದು ಬಂದದ್ದು ತಡವಾಗಿ. ಗಲ್ಫ್‌ನಿಂದ ಬಂದ ನೆಂಟರ ಕೈಯಲ್ಲಿ ನಾವೆಲ್ಲ ಬೆರಗಿನಿಂದ ನೋಡಿದ ರಾಡೋ ಗಡಿಯಾರಗಳಲ್ಲಿ 1962ರ ಡಯಾಸ್ಟಾರ್ ಮಾದರಿಯ ಕವಚ ಇದೇ ವಸ್ತುವಿನದು, ವರ್ಷಗಟ್ಟಲೆ ಕಟ್ಟಿದರೂ ಅದರ ಮೇಲೆ ಗೀರು ಬೀಳದಿರುವುದಕ್ಕೆ ಕಾರಣ ಅದೇ.

ಚಿತ್ರದುರ್ಗ ಸೀಮೆಯವರಿಗೆ ಕಾರ್ಬೈಡನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಹೊಲಕ್ಕೆ ಬೋರ್ ಲಾರಿ ಬಂದಾಗ ಕೊಳವೆಯ ತುದಿಯ ಬಿಟ್ಟನ್ನು ಹತ್ತಿರದಿಂದ ನೋಡಿ: ಉಕ್ಕಿನ ಮುಖದ ತುಂಬ ಗೋಲಿಯಂತೆ ಉಬ್ಬಿಕೊಂಡಿರುವ, ಬೂದು ಬಣ್ಣದ ಬಟನ್‌ಗಳಿರುತ್ತವೆ. ನೂರಾರು ಅಡಿ ಕರಿಕಲ್ಲನ್ನು ಪುಡಿಮಾಡುವುದು ಆ ಬಟನ್‌ಗಳು, ಅವು ಕಾರ್ಬೈಡಿನವು. ಚಳ್ಳಕೆರೆಯ ಕಡೆ ಒಮ್ಮೆ ಸವೆದ ಬಿಟ್ಟೊಂದನ್ನು ಕೈಯಲ್ಲಿ ಹಿಡಿದು ನೋಡಿದ್ದೆ. ಉಕ್ಕು ತಿಂದುಹೋಗಿ ತಗ್ಗಾಗಿತ್ತು, ಬಟನ್‌ಗಳು ಮಾತ್ರ ನುಣ್ಣಗೆ ಮೇಲೆದ್ದು ನಿಂತಿದ್ದವು. ಆದರೆ ಲೇತ್ ಶಾಪಿನಲ್ಲಿ ಅದೇ ಜಾತಿಯ ಚಿಕ್ಕ ಟಿಪ್ಪೊಂದು ಕೈಜಾರಿ ಕಲ್ಲುಹಾಸಿನ ಮೇಲೆ ಬಿದ್ದಾಗ ಅದರ ಮೂಲೆ ಚಕ್ಕೆಯಾಗಿ ಹಾರಿದ್ದನ್ನೂ ಕಂಡಿದ್ದೇನೆ.

ಗೀರಿಗೆ ಜಗ್ಗದಿರುವುದು ಒಂದು ಗುಣ, ಏಟು ತಡೆಯುವುದು ಇನ್ನೊಂದು. ಜನರ ಗೊಂದಲವೆಲ್ಲ ಇವೆರಡನ್ನು ಒಂದೇ ಎಂದುಕೊಳ್ಳುವುದರಿಂದ ಹುಟ್ಟಿದ್ದು. ಗೀರು ತಡೆಯುವ ಮೋಸ್ ಅಳತೆಯಲ್ಲಿ ವಜ್ರಕ್ಕೆ 10, ಮಾಣಿಕ್ಯಕ್ಕೆ 9, ಕಾರ್ಬೈಡಿಗೆ 9ರಿಂದ 9.5, ಅಪ್ಪಟ ಚಿನ್ನಕ್ಕೆ 3ಕ್ಕಿಂತ ತುಸು ಕಡಿಮೆ. ಚಿನ್ನ ಒತ್ತಿದರೆ ಬಾಗುತ್ತದೆ, ತಟ್ಟಿದರೆ ಹರಡುತ್ತದೆ. ಕಾರ್ಬೈಡಿಗೆ ಬಾಗುವುದು ಗೊತ್ತಿಲ್ಲ. ಎಲ್ಲ ಕಡೆಯಿಂದ ಅಮುಕಿದರೆ ಅದು ಅಪಾರ ಭಾರ ತಡೆಯುತ್ತದೆ, ಎಳೆತಕ್ಕೆ ಮಾತ್ರ ಸೋಲುತ್ತದೆ. ಉಂಗುರವನ್ನು ಎದುರುಬದುರಿನಿಂದ ಒತ್ತಿದಾಗ ಇಕ್ಕಳದ ಹಲ್ಲಿನ ಕೆಳಗಿನ ಒಳಮೈ ಹಿಗ್ಗಲು ನೋಡುತ್ತದೆ. ಗಾಜಿನ ಬಳೆ ಒತ್ತಿದರೆ ಚೂರಾಗುವಂತೆ, ಬಿರುಕು ಅಲ್ಲಿಂದಲೇ ಹೊರಡುತ್ತದೆ.

ಒಡೆಯುವ ಕ್ರಮ ಹೀಗೆ. ಹಿಡಿದಲ್ಲೇ ಕಚ್ಚಿಕೊಳ್ಳುವ, ಹಿಡಿಕೆಯ ತುದಿಯಲ್ಲಿ ತಿರುಪು ಇರುವ ವೈಸ್ ಗ್ರಿಪ್ ಇಕ್ಕಳವನ್ನು ಉಂಗುರಕ್ಕೆ ಬರೀ ತಾಗುವಷ್ಟು ಹೊಂದಿಸಿ ಕಚ್ಚಿಸಬೇಕು. ಬಿಡಿಸಿ, ತಿರುಪನ್ನು ಕಾಲು ಸುತ್ತು ಬಿಗಿಮಾಡಿ, ಮತ್ತೆ ಕಚ್ಚಿಸಬೇಕು. ಹೀಗೆ ನಾಲ್ಕಾರು ಸಲ ಮಾಡುವಷ್ಟರಲ್ಲಿ ‘ಟಕ್’ ಎಂಬ ಸದ್ದು ಬರುತ್ತದೆ, ಉಂಗುರ ಎರಡು ಮೂರು ತುಂಡಾಗುತ್ತದೆ. ಹಿಡಿಕೆಯನ್ನು ಒಂದೇ ಸಲ ಜೋರಾಗಿ ಹಿಂಡಬಾರದು. ಚೂರು ಸಿಡಿಯುವುದರಿಂದ ಇಬ್ಬರೂ ಕನ್ನಡಕ ಹಾಕಿಕೊಳ್ಳಬೇಕು, ಕೈಮೇಲೆ ಬಟ್ಟೆ ಹೊದಿಸಬೇಕು, ತುಂಡುಗಳ ಅಂಚು ಗಾಜಿನಷ್ಟೇ ಹರಿತವೆಂಬುದನ್ನು ಮರೆಯಬಾರದು. ಬೆರಳು ನೀಲಿಗಟ್ಟಿದ್ದರೆ ಅಥವಾ ಜೋಮು ಹಿಡಿದಿದ್ದರೆ ಮನೆಯಲ್ಲಿ ಪ್ರಯೋಗ ಮಾಡದೆ ನೇರ ಆಸ್ಪತ್ರೆಗೆ ಹೋಗಿ, ಉಂಗುರ ಕಾರ್ಬೈಡಿನದೆಂದು ಮೊದಲೇ ಹೇಳಿ. ಆ ಒಂದು ಮಾತು ಗರಗಸದೊಂದಿಗೆ ಕಳೆಯುವ ಸಮಯವನ್ನು ಉಳಿಸುತ್ತದೆ. ನಿಮ್ಮ ತಮ್ಮ ಯಂತ್ರದ ಬಳಿ ಕೆಲಸ ಮಾಡುವವರಾದರೆ ಕೆಲಸದ ಹೊತ್ತಿನಲ್ಲಿ ಯಾವ ಉಂಗುರವನ್ನೂ ಹಾಕಿಕೊಳ್ಳದಂತೆ ದಯವಿಟ್ಟು ತಿಳಿಸಿ. ಇದನ್ನು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇನ್ನು ಕೊಳ್ಳುವ ವಿಚಾರ. ನಮ್ಮ ಅಕ್ಕಸಾಲಿಗರು ಈ ಉಂಗುರವನ್ನು ಹಿಗ್ಗಿಸಲಾರರು, ಕುಗ್ಗಿಸಲಾರರು, ಬೆಸೆಯಲೂ ಆರರು. ಒರೆಗಲ್ಲಿಗೆ ತಿಕ್ಕಿದರೆ ಬಣ್ಣದ ಗೆರೆ ಮೂಡುವ ಬದಲು ಕಲ್ಲಿಗೇ ಗೀರು ಬೀಳುತ್ತದೆ. ಹಾಲ್‌ಮಾರ್ಕ್ ಇಲ್ಲ, ಅಡವಿಡಲು ಬರುವುದಿಲ್ಲ, ಮರುಮಾರಾಟದ ಬೆಲೆಯೂ ಇಲ್ಲವೆನ್ನಬಹುದು. ಕಷ್ಟಕಾಲಕ್ಕೆ ಆಗುತ್ತದೆಂಬ ಲೆಕ್ಕದಲ್ಲಿ ಒಡವೆ ಕೊಳ್ಳುವ ನಮ್ಮ ಮನೆಗಳು ಇದನ್ನು ಮೊದಲೇ ಅರಿತಿರಬೇಕು. ಚಿನ್ನದ ಜಾಗದಲ್ಲಿ ಇದನ್ನು ಕೊಡುವುದು ನನಗೆ ಸರಿಕಾಣುವುದಿಲ್ಲ, ದಿನವೂ ಧರಿಸಲು ಎರಡನೆಯ ಉಂಗುರವಾಗಿ ಕೊಟ್ಟರೆ ಬಲು ಚೆನ್ನ. ಕೋಬಾಲ್ಟ್ ಬೆರೆತದ್ದು ಬೆವರಿಗೆ ಮಂಕಾಗಬಹುದು, ಕೆಲವರ ಚರ್ಮಕ್ಕೆ ತುರಿಕೆಯನ್ನೂ ತರಬಹುದು, ಆದ್ದರಿಂದ ನಿಕಲ್ ಬೆರೆತದ್ದನ್ನೇ ಕೇಳಿ. ನಿಕಲ್ ಒಗ್ಗದವರಿಗೆ ಅದೂ ಬೇಡ. ಕಪ್ಪು ಮತ್ತು ಹೊಂಬಣ್ಣಗಳು ಮೇಲಿನ ಲೇಪ ಮಾತ್ರ, ತಿಕ್ಕಾಟಕ್ಕೆ ಹೋಗುತ್ತವೆ. ಸಹಜವಾದ ಬೂದು ಹೊಳಪೇ ಬಾಳುತ್ತದೆ.

ಅಳತೆ ತಪ್ಪಿದರೆ ತಿದ್ದಲು ದಾರಿಯಿಲ್ಲದ್ದರಿಂದ ತಮ್ಮನ ಬೆರಳನ್ನು ಬೆಳಗಿನ ತಂಪಿನಲ್ಲಿ ಅಳೆಯಬೇಡಿ. ದಾವಣಗೆರೆಯ ಬಿಸಿಲಿನ ದಿನವೊಂದರ ಸಂಜೆ, ಬೆರಳು ತುಸು ತುಂಬಿಕೊಂಡಿರುವಾಗ, ಗೆಣ್ಣು ದಾಟುವಂತೆ ಅಳೆಸಿ.