ಸಂಬಳ ಇದೆ, ಸ್ಕೋರ್ ಇಲ್ಲ: ಅಮೆರಿಕದಲ್ಲಿ ಮೊದಲ ಕ್ರೆಡಿಟ್ ಕಾರ್ಡ್

ಪ್ರಶ್ನೆ: ಎಚ್‌-1ಬಿ ವೀಸಾದಲ್ಲಿ ಡಲ್ಲಾಸ್‌ಗೆ ಬಂದು ಮೂರು ತಿಂಗಳಾಯಿತು. ಸಂಬಳ ಚೆನ್ನಾಗಿದೆ, ಬೆಂಗಳೂರಿನಲ್ಲಿದ್ದಾಗ ಸಿಬಿಲ್ ಸ್ಕೋರ್ 800 ದಾಟಿತ್ತು. ಆದರೂ ಕ್ರೆಡಿಟ್ ಕಾರ್ಡ್ ಅರ್ಜಿ ತಿರಸ್ಕಾರವಾಗಿದೆ. ಯಾಕೆ? ಕಾರ್ಡ್ ಸಿಕ್ಕಿದ ಮೇಲೆ ಸ್ವಲ್ಪ ಬಾಕಿ ಉಳಿಸಿಕೊಂಡರೆ ಸ್ಕೋರ್ ಬೇಗ ಏರುತ್ತದಂತೆ, ನಿಜವೇ?

ಉತ್ತರ: ಆಗಸ್ಟ್‌ನಲ್ಲಿ ವಿದ್ಯಾರ್ಥಿಗಳು, ಅಕ್ಟೋಬರ್‌ನಲ್ಲಿ ಎಚ್‌-1ಬಿಯವರು ಇದನ್ನೇ ಕೇಳುತ್ತಾರೆ. ಎಷ್ಟು ಸಲ ಹೇಳಿದರೂ ಮುಗಿಯದ ಪಾಠ ಇದು.

ಮೊದಲ ಭಾಗದ ಉತ್ತರ ಚಿಕ್ಕದು. ಇಲ್ಲಿನ ಸ್ಕೋರ್ ಲೆಕ್ಕದಲ್ಲಿ ಸಂಬಳ ಬರುವುದೇ ಇಲ್ಲ. ಪಡೆದ ಸಾಲವನ್ನು ಹೇಗೆ ತೀರಿಸಿದಿರಿ ಎಂಬುದು ಬರುತ್ತದೆ. ಸಿಬಿಲ್‌ನ ಒಡೆತನ ಟ್ರಾನ್ಸ್‌ಯೂನಿಯನ್‌ದು. ಜನರ ಸಾಲದ ದಾಖಲೆ ಇಡುವ ಅಮೆರಿಕದ ಮೂರು ದೊಡ್ಡ ಬ್ಯೂರೋಗಳಲ್ಲಿ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಜೊತೆಗೆ ಟ್ರಾನ್ಸ್‌ಯೂನಿಯನ್ ಕೂಡ ಒಂದು. ಹಾಗೆಂದು ಊರಿನ ದಾಖಲೆ ತಾನಾಗಿ ಇಲ್ಲಿಗೆ ಬರುವುದಿಲ್ಲ. ಇಲ್ಲಿನ ಬ್ಯಾಂಕುಗಳು ಹೆಚ್ಚಾಗಿ ನೋಡುವ ಫೈಕೋ ಸ್ಕೋರ್ ಹುಟ್ಟಬೇಕಾದರೆ ನಿಮ್ಮ ಹೆಸರಿನ ಒಂದು ಸಾಲದ ಖಾತೆಗೆ ಕನಿಷ್ಠ ಆರು ತಿಂಗಳು ತುಂಬಿರಬೇಕು. ಡೆಬಿಟ್ ಕಾರ್ಡ್ ಎಷ್ಟು ಉಜ್ಜಿದರೂ ಅದು ಲೆಕ್ಕಕ್ಕಿಲ್ಲ.

ದಾರಿ ಇದೆ. ಸೆಕ್ಯೂರ್ಡ್ ಕಾರ್ಡ್ ತೆಗೆದುಕೊಳ್ಳಿ: 200 ಡಾಲರ್ ಠೇವಣಿ ಇಟ್ಟರೆ ಸಾಮಾನ್ಯವಾಗಿ ಅಷ್ಟೇ ಮಿತಿಯ ಕಾರ್ಡ್ ಸಿಗುತ್ತದೆ. ಮೂರೂ ಬ್ಯೂರೋಗಳಿಗೆ ವರದಿ ಮಾಡುತ್ತೀರಾ ಎಂದು ಕೇಳಿಯೇ ಠೇವಣಿ ಇಡಿ. ಊರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡ್ ಇದ್ದವರು ಅದರ ಆಧಾರದ ಮೇಲೆ ಇಲ್ಲಿಯದಕ್ಕೆ ಅರ್ಜಿ ಹಾಕಬಹುದು. ಒಂದು ಬ್ಯಾಂಕು ಬೇಡ ಎಂದಿತೆಂದು ಸಿಟ್ಟಿನಲ್ಲಿ ಇನ್ನೈದು ಕಡೆ ಅರ್ಜಿ ಗುಜರಾಯಿಸಬೇಡಿ. ಅರ್ಜಿ ಹಾಕಿದಾಗ ಬ್ಯಾಂಕು ನಿಮ್ಮ ಕಡತ ತೆರೆದು ನೋಡುತ್ತದೆ, ಆ ಗುರುತು ಅಲ್ಲಿ ಎರಡು ವರ್ಷ ಇರುತ್ತದೆ. ತಿರಸ್ಕರಿಸಿದ ಕಾರಣ ಕೇಳಿ ತಿಳಿಯುವ ಹಕ್ಕು ಕಾನೂನಿನಲ್ಲೇ ಇದೆ. ಬಂದ ಪತ್ರವನ್ನು ಬಿಸಾಡದೆ ಓದಿ.

ಈಗ ಆ ಬಾಕಿಯ ವಿಷಯ. ರೂಮ್‌ಮೇಟ್ ಹೇಳಿದ, ಟೀಮ್ ಲೀಡ್ ಹೇಳಿದ, ಇಂಡಿಯನ್ ಗ್ರೋಸರಿ ಅಂಗಡಿಯಲ್ಲಿ ಸಿಕ್ಕವರು ಹೇಳಿದರು ಎಂದು ಹೊಸಬರು ಇದನ್ನು ನಂಬುತ್ತಾರೆ. ಇಲ್ಲೇ ಹುಟ್ಟಿ ಬೆಳೆದವರೂ ನಂಬುತ್ತಾರೆ. ಸುಳ್ಳು. ಬಾಕಿ ಉಳಿಸಿಕೊಂಡರೆ ಸ್ಕೋರ್ ಏರುವುದಿಲ್ಲ, ಬ್ಯಾಂಕಿಗೆ ಬಡ್ಡಿ ಸಿಗುತ್ತದೆ, ಅಷ್ಟೆ.

ಈ ತಪ್ಪು ಹುಟ್ಟುವುದು ಎರಡು ತಾರೀಖುಗಳ ಗೊಂದಲದಿಂದ. ತಿಂಗಳಿಗೊಮ್ಮೆ ಸ್ಟೇಟ್‌ಮೆಂಟ್ ಬರುವ ದಿನ ಒಂದು. ಹಣ ಕಟ್ಟಲು ಕೊನೆಯ ದಿನ ಇನ್ನೊಂದು, ಅದು ಕನಿಷ್ಠ 21 ದಿನ ಆಮೇಲೆ. ಬ್ಯೂರೋಗೆ ಸಾಮಾನ್ಯವಾಗಿ ಹೋಗುವುದು ಸ್ಟೇಟ್‌ಮೆಂಟಿನ ಮೊತ್ತ. ನೀವು 40 ಡಾಲರ್ ದಿನಸಿ ತಂದಿದ್ದರೆ 40 ಎಂದು ಹೋಗುತ್ತದೆ. ಕಾರ್ಡ್ ಬಳಕೆಯಲ್ಲಿದೆ ಎಂದು ತೋರಿಸಲು ಅಷ್ಟು ಸಾಕು. ಆಮೇಲೆ ಕೊನೆಯ ದಿನದೊಳಗೆ ಪೂರ್ತಿ 40 ಕಟ್ಟಿದರೆ ಬಡ್ಡಿ ಒಂದು ಸೆಂಟೂ ಇಲ್ಲ. 'ಸ್ಟೇಟ್‌ಮೆಂಟಿನಲ್ಲಿ ಸ್ವಲ್ಪ ಮೊತ್ತ ಕಾಣಲಿ' ಎಂಬ ಸರಿಯಾದ ಮಾತು ಬಾಯಿಂದ ಬಾಯಿಗೆ ಹೋಗಿ 'ಸ್ವಲ್ಪ ಕಟ್ಟದೆ ಉಳಿಸಿ' ಎಂದಾಗಿದೆ.

ಉಳಿಸಿದರೆ ಆಗುವುದನ್ನು ನೋಡಿ. ಫೈಕೋದಲ್ಲಿ ಸಮಯಕ್ಕೆ ಕಟ್ಟಿದ ಚರಿತ್ರೆಗೆ ಶೇ 35ರಷ್ಟು ತೂಕ, ಇರುವ ಸಾಲದ ಮೊತ್ತಕ್ಕೆ ಶೇ 30. ಇನ್ನೂರರ ಮಿತಿಯ ಕಾರ್ಡಿನಲ್ಲಿ 150 ಬಾಕಿ ಇಟ್ಟರೆ ಮಿತಿಯ ಮುಕ್ಕಾಲು ಪಾಲು ಬಳಸಿದವರೆಂದು ದಾಖಲಾಗುತ್ತದೆ, ಸ್ಕೋರ್ ಇಳಿಯುತ್ತದೆ. ಕಾರ್ಡ್ ಬಡ್ಡಿ ವರ್ಷಕ್ಕೆ ಶೇ 20 ದಾಟುವುದು ಇಲ್ಲಿ ಮಾಮೂಲು. ಶೇ 24ರ ದರದಲ್ಲಿ ಸಾವಿರ ಡಾಲರ್ ಬಾಕಿ ವರ್ಷವಿಡೀ ಹಾಗೇ ಇದ್ದರೆ ಸುಮಾರು 240 ಡಾಲರ್ ಹೋಯಿತು. ಇನ್ನೊಂದು ಹೊಡೆತ ಹಲವರ ಗಮನಕ್ಕೇ ಬರುವುದಿಲ್ಲ: ಬಾಕಿ ಮುಂದಕ್ಕೆ ಹೋದ ತಿಂಗಳು ಬಡ್ಡಿರಹಿತ ಅವಧಿಯೂ ಸಾಮಾನ್ಯವಾಗಿ ತಪ್ಪುತ್ತದೆ, ಹೊಸ ಖರೀದಿಗೆ ಕೊಂಡ ದಿನದಿಂದಲೇ ಬಡ್ಡಿ ಶುರು. ಆದ್ದರಿಂದ ತಿಂಗಳ ಹಣ ತಾನಾಗಿ ಕಟ್ಟಿಹೋಗುವ ಆಟೋಪೇ ಇಡುವಾಗ 'ಮಿನಿಮಮ್' ಅಲ್ಲ, ಸ್ಟೇಟ್‌ಮೆಂಟಿನ ಪೂರ್ತಿ ಮೊತ್ತವನ್ನೇ ಆರಿಸಿ.

ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಎಚ್‌-1ಬಿಯವರ ಸಂಗಾತಿಗೆ ಸಿಗುವ ಎಚ್‌-4 ವೀಸಾದಲ್ಲಿ ಬಂದ ಹೆಂಡತಿಯ ಸ್ಕೋರ್ ಗತಿಯೇನು? ಕೆಲವು ಮನೆಗಳಲ್ಲಿ ಗಂಡನದು. ಕಾರ್ಡು, ಕಾರಿನ ಸಾಲ, ಕರೆಂಟ್ ಬಿಲ್ ಎಲ್ಲ ಒಬ್ಬರ ಹೆಸರಲ್ಲಿ, ಇನ್ನೊಬ್ಬರು ಇಷ್ಟು ವರ್ಷ ಇಲ್ಲಿದ್ದರೂ ಬ್ಯೂರೋದ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಇದು ನನಗೆ ಬೇಸರ ತರುವ ವಿಷಯ. ಮದುವೆಯಾದವರಿಗೆ ಜಂಟಿ ಸ್ಕೋರ್ ಎಂಬುದಿಲ್ಲ, ಒಬ್ಬೊಬ್ಬರಿಗೂ ಬೇರೆ ಕಡತ. ನಾಳೆ ಮನೆ ಬಾಡಿಗೆಗೆ ಹಿಡಿಯಬೇಕಾದಾಗ, ಒಬ್ಬರೇ ಬದುಕು ನಡೆಸಬೇಕಾದಾಗ ಈ ಖಾಲಿ ಕಡತ ಅಡ್ಡ ಬರುತ್ತದೆ.

ಮೊದಲು ನಿಮ್ಮ ಕಾರ್ಡಿಗೆ ಅವರನ್ನು ಆಥರೈಸ್ಡ್ ಯೂಸರ್ (ನಿಮ್ಮ ಖಾತೆಯ ಕಾರ್ಡನ್ನು ಬಳಸಲು ಅನುಮತಿ ಪಡೆದವರು) ಆಗಿ ಸೇರಿಸಿ, ಅವರ ಹೆಸರಲ್ಲೂ ವರದಿ ಹೋಗುತ್ತದೆಯೇ ಎಂದು ಬ್ಯಾಂಕನ್ನು ಕೇಳಿ. ಸ್ವಂತ ಆದಾಯ ಇಲ್ಲದಿರುವುದು ಅಷ್ಟು ದೊಡ್ಡ ಅಡ್ಡಿಯಲ್ಲ: 2013ರಲ್ಲಿ ನಿಯಮ ತಿದ್ದಿದ ಮೇಲೆ, 21 ತುಂಬಿದವರು ತಮ್ಮ ಬಳಕೆಗೂ ಸಿಗುವ ಸಂಗಾತಿಯ ಸಂಬಳವನ್ನು ಕಾರ್ಡ್ ಅರ್ಜಿಯಲ್ಲಿ ತೋರಿಸಬಹುದು. ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದವರಿಗೆ ತೆರಿಗೆ ಇಲಾಖೆಯಾದ ಐಆರ್‌ಎಸ್ ಕೊಡುವ ಐಟಿಐಎನ್ ಎಂಬ ತೆರಿಗೆ ಸಂಖ್ಯೆ ಇದೆ, ಅದನ್ನು ಒಪ್ಪುವ ಬ್ಯಾಂಕುಗಳೂ ಇವೆ. ಮುಂದಿನ ಜಂಟಿ ಟ್ಯಾಕ್ಸ್ ರಿಟರ್ನ್ ಸಲ್ಲಿಸುವಾಗ ಐಟಿಐಎನ್ ಕೇಳುವ ಡಬ್ಲ್ಯೂ-7 ಅರ್ಜಿಯನ್ನೂ ಲಗತ್ತಿಸಿ. ಪಾಸ್‌ಪೋರ್ಟನ್ನು ಅಂಚೆಯಲ್ಲಿ ಕಳಿಸಲು ಹೆದರಿಕೆಯಾದರೆ, ಐಆರ್‌ಎಸ್ ಮಾನ್ಯತೆ ಕೊಟ್ಟಿರುವ ಏಜೆಂಟರು ಎದುರಿಗೇ ಪರಿಶೀಲಿಸಿ ಅಲ್ಲೇ ವಾಪಸ್ ಕೊಡುತ್ತಾರೆ.