ಒಂದು ಗ್ರಾಂ ಇದ್ದಿಲಿನಲ್ಲಿ ಹತ್ತು ಗುಂಟೆ

ಸೊಲ್ಲಾಪುರದ ನಮ್ಮ ಓಣಿಯಲ್ಲಿ ಗಟಾರ ನೋಡಿದರೆ ಸಾಕಿತ್ತು, ಆ ವಾರ ಚಾದರಕ್ಕೆ ಯಾವ ಬಣ್ಣ ಬೀಳುತ್ತಿದೆ ಎಂದು ಹೇಳಬಹುದಿತ್ತು. ದೊಡ್ಡಪ್ಪ ನೂಲಿನ ಲಡಿಗಳನ್ನು ಬಣ್ಣದಲ್ಲಿ ಅದ್ದುವ ಕೆಲಸ ಮಾಡುತ್ತಿದ್ದರು. ಮದುವೆ ಮನೆಗೆ ಬಂದಾಗಲೂ ಅವರ ಉಗುರಿನ ಸಂದಿನಲ್ಲಿ ನೀಲಿ ಇರುತ್ತಿತ್ತು. “ಬಣ್ಣ ನೂಲಿಗೆ ಹಚ್ಚತೀರಿ, ಗಟಾರಕ್ಕ ಯಾಕ ಬರತದ?” ಎಂದು ಒಮ್ಮೆ ಕೇಳಿದ್ದೆ. “ನೂಲು ಕುಡದದ್ದು ನೂಲಿಂದು, ಉಳದದ್ದು ಗಟಾರದ್ದು” ಎಂದಿದ್ದರು.

ಎಷ್ಟು ಉಳಿಯುತ್ತದೆ? ಹತ್ತಿಗೆ ಹೆಚ್ಚಾಗಿ ಬಳಸುವುದು ರಿಯಾಕ್ಟಿವ್ ಬಣ್ಣಗಳನ್ನು. ಇವು ನೂಲಿನ ಸೆಲ್ಯುಲೋಸ್ ಜೊತೆ ಗಟ್ಟಿಯಾದ ರಾಸಾಯನಿಕ ಬೆಸುಗೆ ಹಾಕಿಕೊಳ್ಳುತ್ತವೆ. ಆದರೆ ಸುತ್ತ ನೀರೇ ಇರುವುದರಿಂದ ಒಂದಷ್ಟು ಅಣುಗಳು ನೂಲಿನ ಬದಲು ನೀರಿನೊಂದಿಗೇ ವರ್ತಿಸಿಬಿಡುತ್ತವೆ. ಹಾಗೆ ಕೆಟ್ಟ ಅಣು ಮತ್ತೆ ನೂಲಿಗೆ ಹತ್ತುವುದಿಲ್ಲ. ಬಣ್ಣದ ಜಾತಿ ನೋಡಿಕೊಂಡು ನೂರಕ್ಕೆ 10ರಿಂದ 40 ಪಾಲು ಹೀಗೆ ತೊಳೆದು ಹೋಗುವುದುಂಟು. ಅದೂ ಎಂಥ ಅಣು? ಬಿಸಿಲಿಗೆ ಮಾಸಬಾರದು, ಸಾಬೂನಿಗೆ ಬಿಡಬಾರದು ಎಂದೇ ಕಟ್ಟಿದ್ದು. ಹಳ್ಳಕ್ಕೆ ಇಳಿದ ಮೇಲೂ ಅದು ಆ ಗುಣ ಬಿಡುವುದಿಲ್ಲ. ನೀರಿನೊಳಕ್ಕೆ ಬೆಳಕು ಇಳಿಯದಂತೆ ಮಾಡುತ್ತದೆ. ಕೆಲವು ಆಜೋ ಬಣ್ಣಗಳು ಆಮ್ಲಜನಕವಿಲ್ಲದ ಕೆಸರಿನಲ್ಲಿ ಒಡೆದು ಆರೊಮ್ಯಾಟಿಕ್ ಅಮೈನುಗಳಾಗುತ್ತವೆ, ಅವುಗಳಲ್ಲಿ ಕೆಲವು ಕ್ಯಾನ್ಸರ್ ತರುವಂಥವು. ಕೆರೆ ಕಟ್ಟುವುದನ್ನೇ ಶಿವಪೂಜೆ ಎಂದುಕೊಂಡ ಸೊನ್ನಲಿಗೆಯ ಸಿದ್ಧರಾಮನ ಊರು ಇದು. ಇಲ್ಲಿ ನೀರು ಹೀಗೆ ಹರಿಯುವುದನ್ನು ನೋಡಿದಾಗಲೆಲ್ಲ ನನಗೆ ನೋವಾಗುತ್ತದೆ.

ಈ ಬಣ್ಣವನ್ನು ಹಿಡಿಯುವ ಒಂದು ಹಳೆಯ ಉಪಾಯ ಇದ್ದಿಲು. ಮನೆಯಲ್ಲೇ ಮಾಡಿ ನೋಡಿದೆ. ಎರಡು ಗಾಜಿನ ಲೋಟದಲ್ಲಿ ನೀರು, ತಲಾ ನಾಲ್ಕು ಹನಿ ನೀಲಿ ಶಾಯಿ. ಒಂದಕ್ಕೆ ಇಸ್ತ್ರಿ ಅಂಗಡಿಯಿಂದ ತಂದ ಜಾಲಿ ಇದ್ದಿಲನ್ನು ಕುಟ್ಟಿ ಹಾಕಿದೆ. ಇನ್ನೊಂದಕ್ಕೆ ಮೀನಿನ ತೊಟ್ಟಿಗಳನ್ನು ಮಾರುವ ಅಂಗಡಿಯಲ್ಲಿ ಸಿಗುವ ಆ್ಯಕ್ಟಿವೇಟೆಡ್ ಕಾರ್ಬನ್, ಅಂದರೆ ಸಕ್ರಿಯ ಇದ್ದಿಲು. ಬೆಳಗ್ಗೆ ಎದ್ದು ನೋಡಿದರೆ ಮೊದಲ ಲೋಟ ತುಸು ಮಾತ್ರ ತೆಳುವಾಗಿತ್ತು, ಎರಡನೆಯದು ಹೆಚ್ಚುಕಡಿಮೆ ತಿಳಿ. ಎರಡೂ ಇದ್ದಿಲೇ, ಎರಡೂ ಕಪ್ಪೇ. ವ್ಯತ್ಯಾಸವಿರುವುದು ಒಳಗಿನ ಜಾಗದಲ್ಲಿ.

ಒಳ್ಳೆಯ ಸಕ್ರಿಯ ಇದ್ದಿಲಿನ ಒಂದು ಗ್ರಾಂ ತೆಗೆದುಕೊಳ್ಳಿ, ಚಿಟಿಕೆಯಷ್ಟು. ಅದರ ರಂಧ್ರಗಳ ಒಳಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1,000 ಚದರ ಮೀಟರ್ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ, ಕಾಲು ಎಕರೆ. ಬಣ್ಣದ ಅಣುಗಳು ಈ ಗೋಡೆಗಳಿಗೆ ಹೋಗಿ ಅಂಟಿಕೊಳ್ಳುತ್ತವೆ. ಸ್ಪಂಜು ನೀರು ಕುಡಿದಂತೆ ಅಲ್ಲ ಇದು, ಗೋಡೆಗೆ ಹಲ್ಲಿ ಹತ್ತಿದಂತೆ. ಇದಕ್ಕೆ ಅಧಿಶೋಷಣೆ ಎಂದು ಹೆಸರು. ಬಣ್ಣದ ಅಣುಗಳಲ್ಲಿ ಚಪ್ಪಟೆ ಉಂಗುರಗಳಿರುತ್ತವೆ, ಇದ್ದಿಲಿನ ಗೋಡೆಯೂ ಅಂಥದೇ ಕಾರ್ಬನ್ ಉಂಗುರಗಳ ಹಾಳೆ. ಒಂದರ ಮೇಲೊಂದು ರೊಟ್ಟಿ ಇಟ್ಟ ಹಾಗೆ ಕೂಡಿಕೊಳ್ಳುತ್ತವೆ.

ಬಣ್ಣ ಹಿಡಿಯುವ ಇದ್ದಿಲಿಗೆ ಕಟ್ಟಿಗೆಯೇ ಏಕೆ ಬೇಕು ಎಂಬುದು ನನಗೆ ಬಹಳ ಇಷ್ಟವಾದ ಪ್ರಶ್ನೆ. ನೀರಿನ ಫಿಲ್ಟರುಗಳಲ್ಲಿ ಹೆಸರಾದದ್ದು ತೆಂಗಿನ ಚಿಪ್ಪಿನ ಇದ್ದಿಲು. ಅದು ಗಟ್ಟಿ, ಸವೆಯುವುದಿಲ್ಲ. ಆದರೆ ಅದರ ರಂಧ್ರಗಳು ಹೆಚ್ಚಾಗಿ 2 ನ್ಯಾನೋಮೀಟರಿಗಿಂತ ಕಿರಿದು (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೋಮೀಟರ್). ಕ್ಲೋರಿನ್, ವಾಸನೆ ಕೊಡುವ ಸಣ್ಣ ಅಣುಗಳು, ಅನಿಲಗಳು ಅಲ್ಲಿ ಚೆನ್ನಾಗಿ ಸಿಕ್ಕಿಬೀಳುತ್ತವೆ. ಬಣ್ಣದ ಅಣು ದೊಡ್ಡದು. ಇದ್ದಿಲಿನ ಪರೀಕ್ಷೆಗೆ ಬಳಸುವ ಮೆಥಿಲೀನ್ ಬ್ಲೂ ಸುಮಾರು ಒಂದೂವರೆ ನ್ಯಾನೋಮೀಟರ್ ಉದ್ದ, ಅಣುತೂಕ 320. ಹತ್ತಿಗೆ ಕಪ್ಪು ಕೊಡುವ ರಿಯಾಕ್ಟಿವ್ ಬ್ಲ್ಯಾಕ್ 5ರ ಅಣುತೂಕ ಅದರ ಮೂರು ಪಟ್ಟು. ಕಿರುಬಾಗಿಲ ಕೋಣೆಗೆ ಮಂಚ ನುಗ್ಗಿಸಿದ ಹಾಗಾಗುತ್ತದೆ. ಕೋಣೆ ಖಾಲಿಯಿದ್ದರೂ ಮಂಚ ಹೊಸ್ತಿಲಲ್ಲೇ.

ಕಟ್ಟಿಗೆಯ ಕತೆ ಬೇರೆ. ಮರ ಬದುಕಿದ್ದಾಗ ಬೇರಿನಿಂದ ಎಲೆಗೆ ನೀರೇರಿಸಿದ ಕೊಳವೆಗಳು ಸುಟ್ಟ ಮೇಲೂ ಹಾಗೇ ಉಳಿಯುತ್ತವೆ. ಅವೇ ಈಗ ಬಣ್ಣದ ನೀರು ಒಳಬರುವ ಹೆದ್ದಾರಿ. ಅವುಗಳಿಂದ ಒಡೆಯುವ ಓಣಿಗಳನ್ನು 2ರಿಂದ 50 ನ್ಯಾನೋಮೀಟರಿನಷ್ಟು ಅಗಲ ಮಾಡುವುದು ಕಟ್ಟಿಗೆಯಲ್ಲಿ ಸುಲಭ. ಒಂದು ದಾರಿ, ಕಟ್ಟಿಗೆಯ ಪುಡಿಯನ್ನು ಫಾಸ್ಫಾರಿಕ್ ಆಮ್ಲದಲ್ಲಿ ನೆನೆಸಿ 400ರಿಂದ 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುವುದು. ಇನ್ನೊಂದು, ಮೊದಲು ಗಾಳಿ ತಾಗದಂತೆ ಇದ್ದಿಲು ಮಾಡಿ, ಆಮೇಲೆ 800ರಿಂದ 1,000 ಡಿಗ್ರಿಯಲ್ಲಿ ಅದರ ಮೇಲೆ ಹಬೆ ಹಾಯಿಸುವುದು. ಹಬೆ ಕಾರ್ಬನ್ನನ್ನು ಕೊರೆದು ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಆಗಿ ಹೊರಡುತ್ತದೆ, ಕೊರೆದ ಜಾಗವೇ ರಂಧ್ರ. ಇಸ್ತ್ರಿ ಅಂಗಡಿಯ ಇದ್ದಿಲಿಗೆ ಈ ಎರಡನೇ ಸುಡುವಿಕೆ ಆಗಿರುವುದಿಲ್ಲ, ಅದರ ಓಣಿಗಳು ಡಾಂಬರಿನಂಥ ಅಂಟಿನಿಂದ ಕಟ್ಟಿಕೊಂಡಿರುತ್ತವೆ.

ದೊಡ್ಡ ರಂಧ್ರಗಳನ್ನು ಅಳೆಯುವ ಒಂದು ಹಳೆಯ ಪರೀಕ್ಷೆ ಕಾಕಂಬಿಯದು: ಕಾಕಂಬಿಯ ಕಂದು ಬಣ್ಣವನ್ನು ಇದ್ದಿಲು ಎಷ್ಟು ತೆಗೆಯುತ್ತದೆ ಎಂದು ನೋಡುತ್ತಾರೆ. ಇದಕ್ಕೂ ಒಂದು ಇತಿಹಾಸವಿದೆ. 1785ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಟೋಬಿಯಾಸ್ ಲೋವಿಟ್ಸ್ ಎಂಬ ರಸಾಯನಶಾಸ್ತ್ರಜ್ಞ ಟಾರ್ಟಾರಿಕ್ ಆಮ್ಲದ ಹರಳು ಮಾಡುವಾಗ ಕಂದು ದ್ರಾವಣವನ್ನು ಇದ್ದಿಲು ತಿಳಿಗೊಳಿಸುವುದನ್ನು ಕಂಡ. ಕೆಲವೇ ವರ್ಷಗಳಲ್ಲಿ ಯುರೋಪಿನ ಸಕ್ಕರೆ ಶುದ್ಧಿಗೆ ಅದು ಬಂತು. ಕಬ್ಬಿನ ನಾಡಾದ ನಮ್ಮ ಜಿಲ್ಲೆಗೆ ಈ ಕತೆ ಹತ್ತಿರದ್ದು ಎನಿಸುತ್ತದೆ.

ಕಟ್ಟಿಗೆಗೂ ನಮ್ಮಲ್ಲಿ ಬರವಿಲ್ಲ. ಬೀಳು ನೆಲದಲ್ಲೆಲ್ಲ ಬಳ್ಳಾರಿ ಜಾಲಿ. ಮರಾಠಿಯವರು ಅದನ್ನು ವೇಡಿ ಬಾಭುಳ್, ಹುಚ್ಚು ಜಾಲಿ, ಎನ್ನುತ್ತಾರೆ. ಕಡಿದಷ್ಟೂ ಚಿಗುರುವ ಗಿಡ. ಆದರೂ ಲೆಕ್ಕ ಹಾಕಿ ನೋಡಬೇಕು. ಒಂದು ಬಣ್ಣದ ಮನೆ ದಿನಕ್ಕೆ 1 ಲಕ್ಷ ಲೀಟರ್ ನೀರು ಬಿಡುತ್ತದೆ, ಲೀಟರಿಗೆ 100 ಮಿಲಿಗ್ರಾಂ ಬಣ್ಣ ಇದೆ ಎಂದಿಟ್ಟುಕೊಳ್ಳೋಣ. ಒಟ್ಟು 10 ಕಿಲೋ ಬಣ್ಣ. ಗ್ರಾಂ ಇದ್ದಿಲು 200 ಮಿಲಿಗ್ರಾಂ ಹಿಡಿದರೆ ದಿನಕ್ಕೆ 50 ಕಿಲೋ ಸಕ್ರಿಯ ಇದ್ದಿಲು ಬೇಕು. ಹಬೆಯ ದಾರಿಯಲ್ಲಿ ಒಣಕಟ್ಟಿಗೆಯ ಸುಮಾರು ಹತ್ತನೇ ಒಂದು ಪಾಲು ಮಾತ್ರ ಕೈಗೆ ಸಿಗುವುದು, ಅಂದರೆ ದಿನಕ್ಕೆ ಅರ್ಧ ಟನ್ ಕಟ್ಟಿಗೆ. ಆದ್ದರಿಂದ ಎಲ್ಲ ಭಾರವನ್ನೂ ಇದ್ದಿಲಿನ ಮೇಲೆ ಹೊರಿಸುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಸುಣ್ಣ, ಪಟಿಕಗಳಿಂದ ಗಷ್ಟು ಇಳಿಸಿ, ಸೂಕ್ಷ್ಮಜೀವಿಗಳಿಗೆ ಅವುಗಳ ಪಾಲು ಕೊಟ್ಟು, ಕೊನೆಗೆ ಉಳಿದ ಬಣ್ಣಕ್ಕೆ ಇದ್ದಿಲು ಇಡಬೇಕು.

ಆಗಲೂ ನೀರಿನ ಹುಳಿ-ಕ್ಷಾರ ನೋಡಲೇಬೇಕು. ರಿಯಾಕ್ಟಿವ್ ಬಣ್ಣ ಋಣ ವಿದ್ಯುದಂಶದ್ದು. ಹುಳಿ ನೀರಿನಲ್ಲಿ ಇದ್ದಿಲಿನ ಗೋಡೆ ಧನವಾಗಿ ಅದನ್ನು ಸೆಳೆಯುತ್ತದೆ. ಬಣ್ಣದ ಮನೆಯ ನೀರಿನಲ್ಲಿ ಸೋಡಾ ತುಂಬಿರುವುದರಿಂದ ಅದು ಕ್ಷಾರ, ಮೊದಲು ಆಮ್ಲ ಹಾಕಿ ತಗ್ಗಿಸದಿದ್ದರೆ ಇದ್ದಿಲು ಅರ್ಧ ಕೆಲಸವನ್ನೇ ಮಾಡುತ್ತದೆ.

ಇನ್ನು ಬಣ್ಣ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಿಲ್ಲ, ಇದ್ದಿಲಿನೊಳಗೇ ಕೂತಿದೆ. ತುಂಬಿದ ಇದ್ದಿಲನ್ನು ತಿಪ್ಪೆಗೆ ಸುರಿದರೆ ಗಟಾರವನ್ನು ತಿಪ್ಪೆಗೆ ಸಾಗಿಸಿದಂತೆ. ಕುಲುಮೆಯಲ್ಲಿ 800 ಡಿಗ್ರಿಗೆ ಮತ್ತೆ ಕಾಯಿಸಿ ಬಣ್ಣ ಸುಟ್ಟು ಹಳೆಯ ಇದ್ದಿಲನ್ನೇ ಬಳಸಬಹುದು. ಪ್ರತಿ ಸಲ ನೂರಕ್ಕೆ 5ರಿಂದ 10 ಪಾಲು ಉರಿದು ಹೋಗುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಉಪ್ಪು. ಬಣ್ಣವನ್ನು ನೂಲಿನತ್ತ ತಳ್ಳಲು ಲೀಟರಿಗೆ 40ರಿಂದ 80 ಗ್ರಾಂ ಉಪ್ಪು ಹಾಕುತ್ತಾರೆ. ಸೋಡಿಯಮ್ಮಿಗೆ ಇದ್ದಿಲಿನ ಹತ್ತು ಗುಂಟೆಯಲ್ಲಿ ಕೂಡಲು ಮನಸ್ಸಿಲ್ಲ, ನೀರಿನೊಂದಿಗೇ ಹೊರಬರುತ್ತದೆ. ಕಣ್ಣಿಗೆ ತಿಳಿಯಾದ ಆ ನೀರನ್ನು ಎರೆ ಹೊಲಕ್ಕೆ ಬಿಟ್ಟರೆ ಸೋಡಿಯಂ ಮಣ್ಣಿನ ಹೆಂಟೆಗಳನ್ನು ಬಿಡಿಸುತ್ತದೆ, ಸಂದುಗಳು ಮುಚ್ಚಿ ಮಳೆನೀರು ಕೆಳಗಿಳಿಯುವುದಿಲ್ಲ. ಬಣ್ಣವಿದ್ದಾಗ ರೈತ ಕಂಡು ದೂರವಿರುತ್ತಿದ್ದ. ಈಗ ಅವನಿಗೆ ಕಾಣುವುದೇ ಇಲ್ಲ.

ನಮ್ಮ ಜಿಲ್ಲೆಯ ಸೀನಾ ನದಿ ಕುಡಲದಲ್ಲಿ ಭೀಮೆಯನ್ನು ಸೇರಿ ವಿಜಯಪುರ, ಕಲಬುರಗಿಯ ಕಡೆ ಇಳಿಯುತ್ತದೆ. ಹೀಗಾಗಿ ಯಾರಾದರೂ “ನಮ್ಮ ನೀರು ಈಗ ತಿಳಿ” ಎಂದು ಲೋಟ ಎತ್ತಿ ತೋರಿಸಿದರೆ ನಾನು ಇನ್ನೊಂದು ಅಂಕಿ ಕೇಳುತ್ತೇನೆ: ಕರಗಿದ ಲವಣ ಲೀಟರಿಗೆ ಎಷ್ಟು? ಕಿಸೆಯಲ್ಲಿ ಹಿಡಿಸುವ ಮೀಟರ್ ಅದನ್ನು ಅರೆ ನಿಮಿಷದಲ್ಲಿ ಹೇಳುತ್ತದೆ.